ಯಾರ ಗಾಳಿಗೆ ಕಟ್ಟಿದ ಹಾಯಿ?

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಿಂದ ಐ-84 ಹೆದ್ದಾರಿ ಹಿಡಿದು ಪೂರ್ವಕ್ಕೆ ನೂರು ಕಿಲೋಮೀಟರ್ ಹೋದರೆ ಹುಡ್ ರಿವರ್ ಎಂಬ ಪುಟ್ಟ ಊರು. ದಾರಿಯುದ್ದಕ್ಕೂ ಎಡಗಡೆ ಕೊಲಂಬಿಯಾ ನದಿ, ಬಲಗಡೆ ಕಡಿದಾದ ಕಪ್ಪು ಬಂಡೆಯ ಗೋಡೆ. ಮಲ್ಟ್‌ನೋಮಾ ಜಲಪಾತದ ಆಸುಪಾಸಿನಲ್ಲಿ ಬಂಡೆಗಳಿಗೆಲ್ಲ ಪಾಚಿ, ಮರಗಳ ಬುಡದಲ್ಲಿ ಜರೀಗಿಡ, ಗಾಳಿಯಲ್ಲಿ ತೇವದ ವಾಸನೆ. ಬಾನ್ವಿಲ್ ಅಣೆಕಟ್ಟು, ಕ್ಯಾಸ್ಕೇಡ್ ಲಾಕ್ಸ್ ದಾಟಿ ಮುಂದೆ ಹೋದಂತೆ ಕಾಡು ತೆಳುವಾಗುತ್ತದೆ. ಹುಡ್ ರಿವರ್ ಬಿಟ್ಟು ಇನ್ನೊಂದು ಮೂವತ್ತೈದು ಕಿಲೋಮೀಟರಿಗೆ ದ ಡಾಲ್ಸ್ ಊರು ಬರುವಷ್ಟರಲ್ಲಿ ಬೋಳು ಗುಡ್ಡ, ಒಣಹುಲ್ಲು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಒಂದೂವರೆ ಗಂಟೆಯ ಪ್ರಯಾಣದಲ್ಲಿ ಮಳೆನಾಡಿನಿಂದ ಬರನಾಡಿಗೆ ಬಂದಾಗಿರುತ್ತದೆ. ಇಲ್ಲಿಯ ಗಾಳಿಗೆ ಕಾರಣವೂ ಈ ವ್ಯತ್ಯಾಸವೇ. ಬೇಸಿಗೆಯಲ್ಲಿ ಪೂರ್ವದ ಒಣನೆಲ ಕಾದು ಅಲ್ಲಿಯ ಗಾಳಿ ಮೇಲೇಳುತ್ತದೆ, ಒತ್ತಡ ಕುಸಿಯುತ್ತದೆ. ಪಶ್ಚಿಮದ ಸಮುದ್ರದ ಕಡೆ ಮಾತ್ರ ತಂಪು ಗಾಳಿ ಭಾರವಾಗಿ ಕೂತಿರುತ್ತದೆ. ನಡುವೆ ಕ್ಯಾಸ್ಕೇಡ್ ಪರ್ವತಶ್ರೇಣಿ ಅಡ್ಡ ನಿಂತಿದೆ. ಆ ಸಾಲನ್ನು ಸಮುದ್ರಮಟ್ಟಕ್ಕೆ ಹತ್ತಿರದಲ್ಲಿ ಸೀಳಿಕೊಂಡು ಹೋಗಿರುವುದು ಈ ನದಿಯ ಕಮರಿ. ತಂಪು ಗಾಳಿಯೆಲ್ಲ ಆ ಸಂದಿಯಲ್ಲಿ ನುಗ್ಗುತ್ತದೆ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಗಾಳಿ ಪೂರ್ವಕ್ಕೆ ಬೀಸುತ್ತದೆ. ಎರಡೂ ಎದುರುಬದುರಾಗಿ ಅಲೆಗಳು ಕಡಿದಾಗಿ ಏಳುತ್ತವೆ, ಹಾಯಿ ಕಟ್ಟಿದ ಹಲಗೆಯ ಮೇಲಿರುವವನನ್ನು ಗಾಳಿ ಒಂದು ಕಡೆ ತಳ್ಳಿದರೆ ಸೆಳವು ಇನ್ನೊಂದು ಕಡೆಗೆ ವಾಪಸು ತರುತ್ತದೆ. ಈ ಹಾಯಿಹಲಗೆಯ ಆಟ, ಅಂದರೆ ವಿಂಡ್‌ಸರ್ಫಿಂಗ್, ಬಲ್ಲವರಿಗೆ ಇಂಥ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ.

1980ರ ದಶಕದಲ್ಲಿ ಮರದ ಉದ್ಯಮ ಕುಗ್ಗುತ್ತಿದ್ದ, ಪೇರ್ ಮತ್ತು ಸೇಬಿನ ತೋಟಗಳನ್ನು ನೆಚ್ಚಿಕೊಂಡಿದ್ದ ಈ ಊರಿಗೆ ಕಾರಿನ ಮೇಲೆ ಹಲಗೆ ಕಟ್ಟಿಕೊಂಡ ತರುಣರು ಬರತೊಡಗಿದರು. ಬಂದವರಲ್ಲಿ ಕೆಲವರು ಅಲ್ಲೇ ನಿಂತರು. ಹಾಯಿ ಹೊಲಿಯುವವರು, ಹಲಗೆ ಕಡೆಯುವವರು, ಕಲಿಸುವವರು ಬಂದರು. ಹವಾಯಿಯಲ್ಲಿ ಹುಟ್ಟಿದ, ಇಂಥ ಆಟಗಳ ಸಾಮಾನು ಮಾಡುವ ಡಕೈನ್‌ನಂಥ ಕಂಪನಿಯೂ ಆ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿತು. ನಲವತ್ತು ವರ್ಷಗಳಲ್ಲಿ ಊರಿನ ಗ್ಯಾರೇಜುಗಳಲ್ಲಿ ಏನೆಲ್ಲ ಸೇರಿರಬಹುದೆಂದು ಊಹಿಸಬಹುದು. ಹಳೆಯ ಸಾಮಾನು ಮಾರುವ ಸಂತೆಗೆ ಅಲ್ಲಿ ಸ್ವಾಪ್ ಎನ್ನುತ್ತಾರೆ. ಟಾರ್ಪಾಲು ಹಾಸಿ ಅದರ ಮೇಲೆ ಹಾಯಿ, ಅದರ ಕಂಬವಾದ ಮಾಸ್ಟ್, ಕೈಯಲ್ಲಿ ಹಿಡಿಯುವ ಅಡ್ಡಕೊಳವೆಯಾದ ಬೂಮ್, ಹಲಗೆಗಳನ್ನು ಹರಡಿ, ಬೆಲೆ ಬರೆದ ಟೇಪು ಅಂಟಿಸಿಡುತ್ತಾರೆ. ವಿಂಡ್‌ಸರ್ಫಿಂಗ್ ಕಲಿಯಬೇಕೆಂಬ ಆಸೆ ಹೊತ್ತು ಬಂದವನಿಗೆ ಆ ಸಾಲು ಕಂಡಾಗ ಹಬ್ಬ. ಹೊಸತಾಗಿ ಪೂರ್ತಿ ಸೆಟ್ ಕೊಂಡರೆ ಸಾವಿರಾರು ಡಾಲರ್ ಬೀಳುವ ಕಡೆ, ಇಲ್ಲಿ ಕೆಲವೇ ನೂರಕ್ಕೆ ಕೈತುಂಬ ಸಾಮಾನು ಸಿಗುತ್ತದೆ. ಹೊಸಬರು ಹಳೆಯದನ್ನೇ ಕೊಳ್ಳಬೇಕೆಂಬುದು ನನ್ನ ಪಕ್ಕಾ ಅಭಿಪ್ರಾಯ. ಆದರೆ ಹಳೆಯ ಸಾಮಾನಿನಲ್ಲಿ ಮೊದಲು ಓದಬೇಕಾದದ್ದು ಟೇಪಿನ ಮೇಲಿನ ಅಂಕಿಯನ್ನಲ್ಲ, ಅದರ ವಯಸ್ಸನ್ನೂ ಅಲ್ಲ. ಅದು ಎಂಥ ಮೈತೂಕಕ್ಕೆ, ಎಂಥ ಗಾಳಿಗೆ, ಎಷ್ಟು ಕಲಿತವರಿಗೆಂದು ಮಾಡಿದ್ದು ಎಂಬುದನ್ನು ಓದಬೇಕು. ಇದನ್ನು ಓದಲು ಬಾರದವರು ಹುಡ್ ರಿವರ್‌ನಂಥ ಒಳ್ಳೆಯ ಸಂತೆಯಲ್ಲೇ ಹೆಚ್ಚು ಮೋಸ ಹೋಗುತ್ತಾರೆ. ಮಾರುವವರು ಸುಳ್ಳು ಹೇಳಬೇಕಾದ ಅಗತ್ಯವೇ ಇರುವುದಿಲ್ಲ.

ಹೀಗಾಗುವುದಕ್ಕೆ ಈ ಆಟದ ಇತಿಹಾಸವೇ ಕಾರಣ. ಹಲಗೆಗೆ ಹಾಯಿ ಕಟ್ಟುವ ಯೋಚನೆ ಒಬ್ಬರದಲ್ಲ. ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹುಡುಗ 1958ರಲ್ಲಿ ಒಂದನ್ನು ಮಾಡಿಕೊಂಡಿದ್ದ. ಅಮೆರಿಕದ ನ್ಯೂಮನ್ ಡಾರ್ಬಿ 1965ರಲ್ಲಿ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ತಮ್ಮದನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಹೊಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಆ ಪೇಟೆಂಟಿನ ಮೇಲೆ ದೇಶದೇಶಗಳಲ್ಲಿ ವ್ಯಾಜ್ಯ ನಡೆದು, 1985ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಚಿಲ್ವರ್ಸ್‌ನ ಬಾಲ್ಯದ ಹಲಗೆಯನ್ನೇ ಸಾಕ್ಷಿಯಾಗಿ ಹಿಡಿದು ಅಲ್ಲಿಯ ಪೇಟೆಂಟನ್ನು ತಳ್ಳಿಹಾಕಿತು. ಆರಂಭದ ಕಾಲದ ಹಲಗೆಗಳು ಹನ್ನೆರಡು ಅಡಿಯವು, ಪ್ಲಾಸ್ಟಿಕ್ಕಿನವು, ಭಾರದವು. ನಡುವೆ ನೀರಿಗಿಳಿಯುವ ಡ್ಯಾಗರ್‌ಬೋರ್ಡ್ ಎಂಬ ರೆಕ್ಕೆ ಇರುತ್ತಿತ್ತು. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಂದೇ ಹಲಗೆಯಲ್ಲಿ ಕಲಿಯುತ್ತಿದ್ದರು, ಅದರಲ್ಲೇ ಸ್ಪರ್ಧೆಗೂ ಹೋಗುತ್ತಿದ್ದರು. ರಾಬಿ ನೇಶ್ 1976ರಲ್ಲಿ ವಿಶ್ವಚಾಂಪಿಯನ್ ಆದಾಗ ಅವರಿಗೆ ಹದಿಮೂರು ವರ್ಷ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಈ ಆಟ ಹೋಯಿತು. ಆಮೇಲೆ ಜೋರುಗಾಳಿಯ ರುಚಿ ಹತ್ತಿತು. ಹವಾಯಿಯ ಅಲೆಗಳಲ್ಲಿ, ಈ ಕೊಲಂಬಿಯಾ ಕಮರಿಯಲ್ಲಿ ಉದ್ದ ಹಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಕಷ್ಟ. ಹಲಗೆಗಳು ಗಿಡ್ಡವಾದವು, ಸಣಕಲಾದವು, ಡ್ಯಾಗರ್‌ಬೋರ್ಡ್ ಮಾಯವಾಯಿತು. 1990ರ ದಶಕದ ಒಂದು ಹಲಗೆಯನ್ನು ಎತ್ತಿ ನಿಲ್ಲಿಸಿದರೆ ಎರಡೂವರೆ ಮೀಟರಿಗಿಂತ ಕೊಂಚ ಉದ್ದ, ಅಗಲ ಮಾತ್ರ ಐವತ್ತೈದು ಸೆಂಟಿಮೀಟರ್ ಆಚೀಚೆ. ಓಡುತ್ತಿರುವಾಗ ಅದು ಬಾಣ; ನಿಂತಾಗ ಅದರ ಮೇಲೆ ಕಾಲಿಡಲೂ ಜಾಗವಿಲ್ಲ. ಕಲಿಯಲು ಬಂದ ಹೊಸಬರು ಇಂಥ ಹಲಗೆಗಳ ಮೇಲೆ ನಿಲ್ಲಲಾರದೆ ಹಿಂದೆ ಸರಿದರು. ಆಟ ಸೊರಗಿದ್ದಕ್ಕೆ ಬೇರೆ ಕಾರಣಗಳೂ ಇದ್ದಾವು, ಇದು ದೊಡ್ಡ ಕಾರಣ ಎಂಬುದರಲ್ಲಿ ನನಗೆ ಸಂಶಯವಿಲ್ಲ. 2000ದ ಆಸುಪಾಸಿನಲ್ಲಿ ತಯಾರಕರು ಎಚ್ಚೆತ್ತು ಅಗಲದ ಹಲಗೆಗಳನ್ನು ತಂದರು. ಕಲಿಯುವವರ ಹಲಗೆ ಎಂಬತ್ತರಿಂದ ನೂರು ಸೆಂಟಿಮೀಟರ್ ಅಗಲವಾಯಿತು, ಡ್ಯಾಗರ್‌ಬೋರ್ಡ್ ಮರಳಿತು, ಮೇಲ್ಮೈಗೆ ಮೆತ್ತನೆಯ ಹಾಸು ಬಂತು.

ಹಾಗಾಗಿ ಸ್ವಾಪ್‌ನಲ್ಲಿ ಮೂರು ಕಾಲದ ಹಲಗೆಗಳು ಪಕ್ಕಪಕ್ಕದಲ್ಲಿ ಮಲಗಿರುತ್ತವೆ. ಹಳತಾದಷ್ಟೂ ಕೆಟ್ಟದ್ದು, ಹೊಸತಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಭಾರದ ಉದ್ದ ಹಲಗೆ ಹೊಸಬರನ್ನು ಹೇಗೋ ಹೊತ್ತು ನಡೆಸುತ್ತದೆ. ಕಾರಿನ ಮೇಲೆ ಹತ್ತಿಸಲು ಇಬ್ಬರು ಬೇಕು, ತಿರುಗಿಸಲು ತಾಳ್ಮೆ ಬೇಕು, ಬಿಡಿಭಾಗ ಸಿಗುವುದಿಲ್ಲ, ಆದರೂ ನಿಲ್ಲಲು ಬಿಡುತ್ತದೆ. ಮಧ್ಯಕಾಲದ ಗಿಡ್ಡ ಹಲಗೆ ನೋಡಲು ಚಂದ, ಎತ್ತಲು ಹಗುರ, ಬೆಲೆ ನಗಣ್ಯ. ಹೊಸಬರ ಕೈಗೆ ಮೊದಲು ಸಿಗುವುದೂ ಅದೇ. ಮೂರರಲ್ಲಿ ಅವರಿಗೆ ತೀರಾ ಒಗ್ಗದ್ದೂ ಅದೇ. ಈಚಿನ ಅಗಲ ಹಲಗೆ ಬೆಲೆಯಲ್ಲಿ ಇವೆರಡಕ್ಕಿಂತ ಮೇಲಿರುತ್ತದೆ, ಬಣ್ಣ ಮಾಸಿರುತ್ತದೆ, ಅಂಚಿಗೆ ಏಟು ಬಿದ್ದಿರುತ್ತದೆ. ಕೊಳ್ಳಬೇಕಾದದ್ದು ಅದನ್ನೇ. ಪುಕ್ಕಟೆ ಸಿಕ್ಕಿದರೂ ಮಧ್ಯಕಾಲದ್ದನ್ನು ಮನೆಗೆ ತರಬಾರದೆಂದು ನಾನು ವಾದಿಸುತ್ತೇನೆ. ಮನೆಯಲ್ಲಿದ್ದರೆ ಅದರ ಮೇಲೆ ಹತ್ತುವ ಮನಸ್ಸಾಗುತ್ತದೆ, ಹತ್ತಿದಷ್ಟೂ ಬಾರಿ ಬೀಳುವುದಾಗುತ್ತದೆ, ಬಿದ್ದವರು ದೂರುವುದು ತಮ್ಮ ದೇಹವನ್ನೇ ಹೊರತು ಹಲಗೆಯನ್ನಲ್ಲ.

ಏಕೆಂಬುದಕ್ಕೆ ಸಾಮಾನ್ಯ ಗಣಿತ ಸಾಕು. ಹಲಗೆಯ ಗಾತ್ರವನ್ನು ಲೀಟರಿನಲ್ಲಿ ಬರೆದಿರುತ್ತಾರೆ. ಒಂದು ಲೀಟರ್ ಗಾತ್ರ ಹೆಚ್ಚುಕಡಿಮೆ ಒಂದು ಕಿಲೋ ಭಾರವನ್ನು ತೇಲಿಸುತ್ತದೆ. ಎಪ್ಪತ್ತೈದು ಕಿಲೋ ತೂಗುವ ವ್ಯಕ್ತಿ, ಹನ್ನೆರಡು ಕಿಲೋ ಹಲಗೆ, ಎಂಟು ಕಿಲೋ ಹಾಯಿ-ಮಾಸ್ಟ್-ಬೂಮ್ ಎಂದು ಹಿಡಿದರೆ ಒಟ್ಟು ತೊಂಬತ್ತೈದು. ಅಂದರೆ ತೊಂಬತ್ತೈದು ಲೀಟರಿನ ಹಲಗೆ ಇವರನ್ನು ನೀರಿನ ಮಟ್ಟದಲ್ಲಿ ತೇಲಿಸೀತು, ಅಷ್ಟೇ. ಒಂದು ಹೆಜ್ಜೆ ಹಿಂದಿಟ್ಟರೆ ಬಾಲ ಮುಳುಗುತ್ತದೆ. ನೂರಹತ್ತು ಲೀಟರಿನದಾದರೆ ಉಳಿಯುವುದು ಹದಿನೈದು ಲೀಟರ್ ಮಿಗತೆ. ಕಲಿಯುವವರಿಗೆ ಬೇಕಾದದ್ದು ಎಂಬತ್ತರಿಂದ ನೂರು ಲೀಟರ್ ಮಿಗತೆ, ಅಂದರೆ ಇವರಿಗೆ ಸುಮಾರು ನೂರೆಂಬತ್ತು ಲೀಟರಿನ ಹಲಗೆ. ಕೊಲಂಬಿಯಾದ ಸಿಹಿನೀರು ಸಮುದ್ರಕ್ಕಿಂತ ತುಸು ಕಡಿಮೆ ತೇಲಿಸುವುದರಿಂದ ಇನ್ನೆರಡು ಮೂರು ಲೀಟರ್ ಸೇರಿಸಿಕೊಂಡರೂ ತಪ್ಪಿಲ್ಲ. ಇಲ್ಲಿ ಬರುವ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದೇ: ಬೇಗ ಕಲಿತುಬಿಡುತ್ತೇವೆ, ಆಮೇಲೆ ಈ ದೊಡ್ಡ ಹಲಗೆ ಬೇಡವಾಗುತ್ತದೆ, ಈಗಲೇ ಮುಂದಕ್ಕೆ ಆಗುವಂಥದ್ದನ್ನು ಕೊಂಡರೇನು? ನಮ್ಮ ಮನೆಗಳಲ್ಲಿ ಜೂನ್ ತಿಂಗಳಲ್ಲಿ ಮಕ್ಕಳಿಗೆ ಒಂದು ಅಳತೆ ದೊಡ್ಡ ಯೂನಿಫಾರಂ ಹೊಲಿಸುವ ಲೆಕ್ಕಾಚಾರವೇ ಇದು. ದೊಗಲೆ ಅಂಗಿ ತೊಟ್ಟ ಮಗು ಶಾಲೆಗೆ ಹೋಗಿಬರಬಲ್ಲದು, ಪಾಠವನ್ನೂ ಕಲಿಯಬಲ್ಲದು. ಸಣ್ಣ ಹಲಗೆ ಹತ್ತಿದ ಹೊಸಬರಿಗೆ ಆ ಭಾಗ್ಯವಿಲ್ಲ. ಗಾಳಿ ಹಾಯಿಯನ್ನು ತುಂಬಿ ಹಲಗೆಯನ್ನು ಓಡಿಸತೊಡಗಿದರೆ ಮಾತ್ರ ಅದು ಅವರನ್ನು ಎತ್ತಿ ಹಿಡಿಯುತ್ತದೆ, ಓಡಿಸುವುದನ್ನು ಕಲಿಯಲು ಮೊದಲು ನಿಲ್ಲಬೇಕು, ನಿಲ್ಲಲು ಅದು ಬಿಡುವುದಿಲ್ಲ. ನೀರಿನಲ್ಲಿ ಕಳೆದ ಒಂದು ಮಧ್ಯಾಹ್ನದಲ್ಲಿ ಹಲಗೆಯ ಮೇಲೆ ನಿಂತದ್ದೆಷ್ಟು ಹೊತ್ತು, ನೀರಲ್ಲಿ ಬಿದ್ದು ಮತ್ತೆ ಹತ್ತಿದ್ದೆಷ್ಟು ಹೊತ್ತು ಎಂದು ತೂಗಿ ನೋಡಿದರೆ ಇನ್ನೂರು ಡಾಲರಿನ ಸಣ್ಣ ಹಲಗೆಗಿಂತ ಐನೂರರ ದೊಡ್ಡ ಹಲಗೆ ಅಗ್ಗ. ಎರಡು ಬೇಸಿಗೆ ಬಳಸಿ ಮಾರಿದರೆ ಆ ಐನೂರರಲ್ಲಿ ಬಹುಪಾಲು ವಾಪಸು ಬರುತ್ತದೆ. ಸವಕಳಿಯ ದೊಡ್ಡ ಪಾಲನ್ನು ಮೊದಲು ಕೊಂಡವರು ತೆತ್ತಾಗಿದೆ.

ಇನ್ನು ಹುಡ್ ರಿವರ್‌ನಲ್ಲಿ ಇಂಥ ದೊಡ್ಡ ಹಲಗೆ ಏಕೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ನೋಡಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಹಾಯಿಯ ಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. ಹನ್ನೆರಡು ನಾಟ್ ಗಾಳಿಯಲ್ಲಿ ಆರೂವರೆ ಚದರ ಮೀಟರಿನ ಹಾಯಿ ಹಿಡಿದವರು ಇಪ್ಪತ್ತೈದು ನಾಟ್ ಗಾಳಿಗೆ ನಾಲ್ಕರ ಆಸುಪಾಸಿನದನ್ನು ಹಿಡಿಯಬೇಕಾಗುತ್ತದೆ. ಈ ಕಮರಿಯ ಜನ ಇಪ್ಪತ್ತೈದಕ್ಕೆ ಒಗ್ಗಿದವರು. ಅವರ ಗ್ಯಾರೇಜಿನಲ್ಲಿ ಎಪ್ಪತ್ತೈದರಿಂದ ನೂರು ಲೀಟರಿನ ಹಲಗೆಗಳು, ಮೂರೂವರೆಯಿಂದ ಐದೂವರೆಯ ಹಾಯಿಗಳು. ಅವರು ಮಾರುವುದೂ ಅದನ್ನೇ. ಗಾಳಿ ಮಂದವಾಗಿರುವ ಸರೋವರಗಳ ಸೀಮೆಯ ಸಂತೆಗೆ ಹೋದರೆ ಅಲ್ಲಿ ಅಗಲದ ಹಲಗೆಗಳೂ ಎಂಟು ಒಂಬತ್ತು ಮೀಟರಿನ ಭಾರೀ ಹಾಯಿಗಳೂ ತುಂಬಿರುತ್ತವೆ. ಒಂದೊಂದು ಊರಿನ ಹಳೆಯ ಸಾಮಾನು ಆ ಊರಿನ ಗಾಳಿಯ ದಾಖಲೆ. ಇಲ್ಲೊಂದು ಸ್ವಾರಸ್ಯವಿದೆ. ಹೊಸಬರಿಗೆ ಹಲಗೆ ದೊಡ್ಡದು ಬೇಕು, ಹಾಯಿ ಚಿಕ್ಕದು ಬೇಕು. ನೀರಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಮೇಲೆತ್ತುವುದು ಕಲಿಯುವವರ ಮುಖ್ಯ ಕೆಲಸ. ಆರೂವರೆ ಮೀಟರಿನ ಹಾಯಿಯ ಮೇಲೆ ನೀರು ನಿಂತರೆ ಸೊಂಟ ಹಿಡಿದುಹೋಗುತ್ತದೆ. ಮಂದಗಾಳಿಯಲ್ಲಿ ನಾಲ್ಕು, ನಾಲ್ಕೂವರೆ ಮೀಟರ್ ಸಾಕು. ಹಾಗಾಗಿ ಈ ಕಮರಿಯ ಪರಿಣತರ ಹಾಯಿಗಳು ಹೊಸಬರಿಗೆ ಹೇಳಿಮಾಡಿಸಿದಂತಿರುತ್ತವೆ. ಅಲೆಗಳಿಗೆಂದು ಮಾಡಿದ ಹಾಯಿಗಳಲ್ಲಿ ಒಳಗೆ ದಾರಗಳ ಜಾಲ ಕೂಡಿಸಿರುವುದರಿಂದ ಬೀಳುವವರ ಕೈಯಲ್ಲೂ ಬೇಗ ಹರಿಯುವುದಿಲ್ಲ. ಹಲಗೆಯನ್ನು ಮಾತ್ರ ಬೇರೆಡೆ ಹುಡುಕಬೇಕು. ಕಲಿಸುವ ಶಾಲೆಗಳು, ಬಾಡಿಗೆಗೆ ಕೊಡುವವರು ಋತು ಮುಗಿದ ಮೇಲೆ ತಮ್ಮ ಹಲಗೆಗಳನ್ನು ಮಾರಿ ಹೊಸತನ್ನು ತರಿಸುವುದುಂಟು. ಮಕ್ಕಳು ಬೆಳೆದು ಬೇರೆ ಊರು ಸೇರಿದ ಮನೆಗಳಲ್ಲೂ ಸಿಗುತ್ತದೆ. ಹಲಗೆ ಶಾಲೆಯಿಂದ, ಹಾಯಿ ಪರಿಣತರಿಂದ ಎಂದು ಎರಡು ಕಡೆ ಕೊಳ್ಳುವುದೇ ಈ ಊರಿನಲ್ಲಿ ಬುದ್ಧಿವಂತಿಕೆ.

ಒಳಗೇನಿದೆ ಎಂದು ಮುಟ್ಟಿ ನೋಡದೆ ಮಾತ್ರ ಯಾವುದನ್ನೂ ಕೊಳ್ಳಕೂಡದು. ಈಚಿನ ಹಲಗೆಯ ಒಡಲು ಥರ್ಮೋಕೋಲ್. ಅದರ ಮೇಲೆ ಗಾಜಿನ ನಾರು, ಎಪಾಕ್ಸಿ ಅಂಟಿನ ತೆಳು ಚಿಪ್ಪು. ಈ ಚಿಪ್ಪು ಒಡಲಿನಿಂದ ಬಿಟ್ಟುಕೊಂಡಿದ್ದರೆ ಹಲಗೆ ಸತ್ತಂತೆ. ಮೊದಲು ಹಿಮ್ಮಡಿ ಊರುವ ಜಾಗ, ಮಾಸ್ಟ್ ಕೂರುವ ತೋಡಿನ ಸುತ್ತ, ಹೀಗೆ ಭಾರ ಬೀಳುವ ಕಡೆಗಳಲ್ಲೆಲ್ಲ ಎರಡೂ ಹೆಬ್ಬೆರಳಿನಿಂದ ಒತ್ತಿಕೊಂಡು ಹೋಗಬೇಕು. ಗಟ್ಟಿಯಾಗಿ ಬೆರಳಿಗೆ ತಿರುಗಿ ಒತ್ತಿದರೆ ಸರಿ. ತುಸುವಾದರೂ ಕುಗ್ಗಿ ಮೇಲೆ ಬಂದರೆ ಬಿಡಬೇಕು. ನಾಣ್ಯದಿಂದ ಕುಟ್ಟುತ್ತ ಹೋದರೆ ಗಟ್ಟಿ ಜಾಗದಲ್ಲಿ ಚುರುಕಾದ ಸದ್ದು, ಬಿಟ್ಟುಕೊಂಡಲ್ಲಿ ಮೊದ್ದಾದ ಸದ್ದು. ಆಮೇಲೆ ಹಲಗೆಯನ್ನು ತಿರುವಿ ಹಿಂಬದಿಯ ಸಣ್ಣ ರೆಕ್ಕೆ, ಅಂದರೆ ಫಿನ್, ಕೂರುವ ಪೆಟ್ಟಿಗೆಯ ಸುತ್ತ ಕೂದಲೆಳೆಯ ಬಿರುಕಿದೆಯೇ ನೋಡಬೇಕು, ಏಕೆಂದರೆ ಆಳವಿಲ್ಲದ ನೀರಿನಲ್ಲಿ ಫಿನ್ ಕಲ್ಲಿಗೆ ಬಡಿದಾಗ ಪೆಟ್ಟು ತಿನ್ನುವುದು ಆ ಪೆಟ್ಟಿಗೆ. ಬಿರುಕಿನಿಂದ ಇಳಿದ ನೀರು ಥರ್ಮೋಕೋಲಿನ ಕಾಳುಗಳ ನಡುವೆ ಕೂತರೆ ಮತ್ತೆ ಹೊರಬರುವುದು ಬಹಳ ನಿಧಾನ. ತಯಾರಕರು ಬರೆದ ತೂಕ ಹನ್ನೆರಡು ಕಿಲೋ ಇದ್ದು ತಕ್ಕಡಿ ಹದಿನಾರು ತೋರಿಸಿದರೆ ಹೆಚ್ಚಿನ ಪಾಲು ಒಳಗಿರುವ ನೀರೇ. ತೂಗಲು ಲಗೇಜು ತೂಗುವ ಕೊಕ್ಕೆ ತಕ್ಕಡಿ ಸಾಕು. ಡ್ಯಾಗರ್‌ಬೋರ್ಡನ್ನು ಕಾಲಿನಿಂದ ಒತ್ತಿ ಇಳಿಸಿ, ಮತ್ತೆ ಎತ್ತಿ ನೋಡಬೇಕು. ಇಳಿದದ್ದು ಮೇಲೇಳದಿದ್ದರೆ ದಡಕ್ಕೆ ಬರುವುದೇ ಕಷ್ಟ. ಅಂಚಿನ ಏಟುಗಳು, ಮಾಸಿದ ಬಣ್ಣ, ಅಚ್ಚುಕಟ್ಟಿಲ್ಲದ ತೇಪೆ, ಇವು ಬೆಲೆ ಇಳಿಸಿ ಮಾತಾಡಲು ಒದಗುತ್ತವೆಯೇ ಹೊರತು ಬಿಟ್ಟುಬಿಡಲು ಕಾರಣವಾಗುವುದಿಲ್ಲ. ಕೊಲಂಬಿಯಾದ ಸಾಮಾನಿಗೆ ಒಂದು ಒಳ್ಳೆಯ ಗುಣವಿದೆ. ಅದು ಸಿಹಿನೀರಿನದು. ಅಲ್ಯೂಮಿನಿಯಂ ಬೂಮಿನ ಕೊಳವೆಯೊಳಗೆ ಉಪ್ಪು ಕೂತು ಎರಡು ತುಂಡು ಒಂದಕ್ಕೊಂದು ಕಚ್ಚಿಕೊಳ್ಳುವುದು, ತಿರುಪುಗಳು ತಿರುಗದೆ ಕೂರುವುದು ಕಡಲ ಸಾಮಾನಿನ ರೋಗ. ಇಲ್ಲಿ ಅದು ಕಡಿಮೆ. ಕಡಲಿಗೂ ಒಯ್ದು ಬಂದ ಬೂಮ್ ಆದರೆ ಹಿಂದಿನ ತುಂಡನ್ನು ಪೂರ್ತಿ ಎಳೆದು ತೆಗೆದು ತೋರಿಸಿ ಎಂದು ಕೇಳಬೇಕು.

ಹಾಯಿಯನ್ನು ಬಿಸಿಲಿಗೆ ಹಿಡಿದರೆ ಅದರ ವಯಸ್ಸು ತಿಳಿಯುತ್ತದೆ. ಪಾರದರ್ಶಕ ಹಾಳೆ ಹಾಲಿನಂತೆ ಮಸುಕಾಗಿ, ಮಡಿಸಿದಾಗ ಕರಕರ ಎಂದರೆ ಬಿಸಿಲು ಅದನ್ನು ತಿಂದಿದೆ. ಒಮ್ಮೆ ಮೊಣಕಾಲು ತಗುಲಿದರೆ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಹೆಚ್ಚು ಜನ ಎಡವುವುದು ಹರಕಿನಲ್ಲಲ್ಲ, ಹೊಂದಾಣಿಕೆಯಲ್ಲಿ. ಹಾಯಿಯ ಬುಡದಲ್ಲೋ ಅದರ ಚೀಲದ ಮೇಲೋ ಕೆಲವು ಅಂಕಿಗಳನ್ನು ಮುದ್ರಿಸಿರುತ್ತಾರೆ: ವಿಸ್ತೀರ್ಣ ಇಷ್ಟು, ಮುಂಭಾಗದ ಉದ್ದ ಇಷ್ಟು, ಬೂಮ್ ಇಷ್ಟು, ಮಾಸ್ಟ್ ಇಂಥದ್ದು. ಮಾಸ್ಟುಗಳು 370, 400, 430, 460 ಸೆಂಟಿಮೀಟರ್ ಹೀಗೆ ಅಳತೆಗಳಲ್ಲಿ ಬರುತ್ತವೆ, ಅವುಗಳ ಬಿರುಸನ್ನು ಐಎಂಸಿಎಸ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. 400ಕ್ಕೆ 19, 430ಕ್ಕೆ 21, 460ಕ್ಕೆ 25 ಎಂಬುದು ರೂಢಿ. ಇದರ ಜೊತೆಗೆ ದಪ್ಪದ ಎಸ್‌ಡಿಎಂ, ತೆಳುವಾದ ಆರ್‌ಡಿಎಂ ಎಂಬ ಎರಡು ಜಾತಿ. ಒಂದಕ್ಕೆ ಮಾಡಿದ ಬುಡದ ತುಂಡು ಇನ್ನೊಂದಕ್ಕೆ ಕೂರುವುದಿಲ್ಲ, ಬೂಮಿನ ಹಿಡಿಕೆಗೂ ನಡುವೆ ಬಿಲ್ಲೆ ಬೇಕಾಗುತ್ತದೆ. ಮಾಸ್ಟ್ ಎಲ್ಲೆಲ್ಲಿ ಬಾಗಬೇಕೆಂಬುದೂ ಕಂಪನಿಯಿಂದ ಕಂಪನಿಗೆ ಬೇರೆ. ಮಾಸ್ಟ್ ಬಿಲ್ಲಿನಂತೆ ಬಿಗಿಯಾಗಿ ಬಾಗದೆ ಹಾಯಿ ಆಕಾರ ಪಡೆಯುವುದಿಲ್ಲ, ಆಕಾರ ಪಡೆಯದ ಹಾಯಿ ಗಾಳಿ ಏರಿದಾಗ ಹಿಡಿದವರನ್ನೇ ಎಳೆದಾಡುತ್ತದೆ. ಒಂದು ಟಾರ್ಪಾಲಿನಿಂದ ಅಗ್ಗದ ಹಾಯಿ, ಇನ್ನೊಂದರಿಂದ ಅಗ್ಗದ ಮಾಸ್ಟ್, ಮೂರನೆಯದರಿಂದ ಬೂಮ್ ಎಂದು ಆರಿಸಿ ತಂದವರು ದಡದಲ್ಲಿ ಕೂತು ಹೊಂದಿಸುವುದರಲ್ಲೇ ಗಾಳಿಯ ಹೊತ್ತು ಕಳೆಯುತ್ತಾರೆ. ಹಾಯಿ, ಮಾಸ್ಟ್, ಬೂಮ್, ಬುಡದ ತುಂಡು ನಾಲ್ಕನ್ನೂ ಒಬ್ಬರಿಂದಲೇ ಕೊಂಡು, ಕೊಡುವ ಮೊದಲು ಹುಲ್ಲಿನ ಮೇಲೆ ಒಮ್ಮೆ ಪೂರ್ತಿ ಕಟ್ಟಿ ತೋರಿಸಿ ಎಂದು ಕೇಳುವುದು ಸೌಜನ್ಯಕ್ಕೆ ವಿರುದ್ಧವೇನಲ್ಲ. ಹುಡ್ ರಿವರ್‌ನ ದಡದಲ್ಲಿ ಹಾಯಿ ಕಟ್ಟಲೆಂದೇ ಬೆಳೆಸಿದ ಹುಲ್ಲುಹಾಸು ಇದೆ. ಕಟ್ಟುವುದನ್ನು ನೋಡಿದವರಿಗೆ ಸಾಮಾನಿನ ಜೊತೆ ಅರ್ಧ ಪಾಠವೂ ಸಿಕ್ಕಂತಾಯಿತು.

ಹಳೆಯದನ್ನು ನಂಬಿ ನೀರಿಗಿಳಿಯುವುದು ಅಪಾಯವಲ್ಲವೇ ಎಂಬ ಪ್ರಶ್ನೆ ಗಂಭೀರವಾದದ್ದು, ಇದನ್ನು ಹಾರಿಸಿಕೊಂಡು ಹೋಗಲಾಗದು. ಕೊಲಂಬಿಯಾ ಈ ಊರಿನ ಬಳಿ ಒಂದು ಕಿಲೋಮೀಟರಿಗೂ ಹೆಚ್ಚು ಅಗಲ. ನಡುವೆ ಗೋಧಿ ಹೊತ್ತ ಬಾರ್ಜುಗಳು ಸಾಗುತ್ತವೆ, ಅವು ಥಟ್ಟನೆ ನಿಲ್ಲಲಾರವು, ತಿರುಗಲಾರವು. ವಸಂತದಲ್ಲಿ ನೀರು ಹಿಮ ಕರಗಿದ ತಣ್ಣೀರು. ಇಂಥಲ್ಲಿ ಯಾವ ಭಾಗ ಕೈಕೊಟ್ಟರೆ ಏನಾಗುತ್ತದೆ ಎಂದು ಬೇರೆಬೇರೆಯಾಗಿ ಯೋಚಿಸಬೇಕು. ಹಾಯಿ ಹರಿದರೆ ಸುತ್ತಿ ಹಲಗೆಯ ಮೇಲಿಟ್ಟು ಮಲಗಿ ಕೈಯಲ್ಲಿ ನೀರು ಹೊಡೆಯುತ್ತ ಬರಬಹುದು. ಹಲಗೆಯ ಚಿಪ್ಪು ಬಿರುಕುಬಿಟ್ಟರೂ ಥರ್ಮೋಕೋಲ್ ಕೂಡಲೇ ಮುಳುಗುವುದಿಲ್ಲ. ಹಲಗೆಗೂ ಮಾಸ್ಟಿಗೂ ನಡುವೆ ಇರುವ ಮಡಚುವ ಕೀಲು ತುಂಡಾದರೆ ಮಾತ್ರ ಹಾಯಿ ಒಂದು ಕಡೆ, ಹಲಗೆ ಇನ್ನೊಂದು ಕಡೆ. ಬರಿಯ ಹಲಗೆಯನ್ನು ಗಾಳಿ ಮನುಷ್ಯ ಈಜುವುದಕ್ಕಿಂತ ಬೇಗ ದೂರ ಒಯ್ಯುತ್ತದೆ. ಆ ಕೀಲಿನಲ್ಲಿರುವುದು ಹೆಬ್ಬೆರಳಿನಷ್ಟೋ ತುಸು ಹೆಚ್ಚೋ ದಪ್ಪದ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ತುಂಡು. ಅದನ್ನು ತೊಂಬತ್ತು ಡಿಗ್ರಿ ಬಗ್ಗಿಸಿ, ಬಾಗಿದ ಹೊರಮೈಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ನೇರವಿದ್ದಾಗ ಕಾಣದ ಸಣ್ಣ ಸೀಳುಗಳು ಬಾಯಿ ಬಿಡುತ್ತವೆ. ಸೀಳು ಕಾಣದಿದ್ದರೂ ಇದೊಂದನ್ನು ಹೊಸತೇ ಕೊಳ್ಳಬೇಕು. ಪೂರ್ತಿ ಸೆಟ್ಟಿನ ಬೆಲೆಯಲ್ಲಿ ಅದು ಒಂದು ಚೂರು. ಹಾಯಿ ಎತ್ತುವ ಹಗ್ಗ, ಬಿಗಿಯುವ ಹಗ್ಗಗಳು, ಲೈಫ್ ಜಾಕೆಟ್ ಇವೂ ಹೊಸವೇ ಇರಲಿ. ಜೀವ ನೆಚ್ಚಿಕೊಂಡಿರುವ ಭಾಗಗಳೆಲ್ಲ ಅಗ್ಗದವು, ದುಬಾರಿ ಭಾಗಗಳೆಲ್ಲ ಹಳತಾದರೂ ನಡೆಯುವಂಥವು. ಹಳೆಯದನ್ನು ಕೊಳ್ಳಬಹುದೆಂಬ ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇರೆ ಬೇಕಿಲ್ಲ.

ಕೊಳ್ಳುವುದೇ ಏಕೆ, ಬಾಡಿಗೆಗೆ ತೆಗೆದುಕೊಳ್ಳಬಾರದೇ ಎನ್ನುವವರ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಊರಿನ ಪಶ್ಚಿಮಕ್ಕೆ ಕಲ್ಲಿನ ಒಡ್ಡೊಂದು ಕೊಕ್ಕೆಯ ಹಾಗೆ ಬಾಗಿ ನದಿಯ ಒಂದು ತುಣುಕನ್ನು ಒಳಗೆ ಹಿಡಿದಿಟ್ಟುಕೊಂಡಿದೆ. ಅದನ್ನು ಅಲ್ಲಿಯವರು ಹುಕ್ ಎಂದೇ ಕರೆಯುತ್ತಾರೆ. ಹೊರಗೆ ನೊರೆ ಎದ್ದ ಅಲೆಗಳಿರುವಾಗಲೂ ಒಳಗೆ ಸೆಳವಿಲ್ಲದ ಸಪಾಟು ನೀರು, ಬಿದ್ದರೆ ಕೈಗೆಟುಕುವ ದಡ. ಮೊದಲ ಪಾಠಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ನದಿಯಲ್ಲಿಲ್ಲ. ಅಲ್ಲಿ ಶಾಲೆಯ ಸಾಮಾನಿನಲ್ಲೇ ಕೆಲವು ಪಾಠ ಮುಗಿಸಿ, ಈ ಆಟ ತಮಗೆ ಹಿಡಿಸಿತೇ, ಎಷ್ಟು ಲೀಟರಿನ ಹಲಗೆಯ ಮೇಲೆ ತಮ್ಮ ಕಾಲು ನಡುಗದೆ ನಿಂತಿತು ಎಂಬುದನ್ನು ತಿಳಿದುಕೊಂಡ ಮೇಲೆಯೇ ಸಂತೆಗೆ ಹೋಗಬೇಕು. ಆದರೆ ಬಾಡಿಗೆಯಲ್ಲೇ ಉಳಿದುಬಿಟ್ಟವರು ಬಹಳ ದೂರ ಹೋಗುವುದು ಕಷ್ಟ. ಗಾಳಿ ಅಂಗಡಿಯ ಹೊತ್ತು ನೋಡಿ ಬೀಸುವುದಿಲ್ಲ. ಮಂದವಾದ ಒಳ್ಳೆಯ ಗಾಳಿ ಮುಂಜಾನೆ ಆರಕ್ಕೋ ಸಂಜೆ ಏಳಕ್ಕೋ ಬರಬಹುದು, ಆಗ ಸಾಮಾನು ಕಾರಿನಲ್ಲಿದ್ದವರು ಮಾತ್ರ ನೀರಿಗಿಳಿಯುತ್ತಾರೆ. ಬಾಡಿಗೆಯ ಗಂಟೆ ಓಡುತ್ತಿದೆ ಎಂಬ ಚಿಂತೆಯಲ್ಲಿ ಕೂತು ನೀರು ನೋಡುವ ತಾಳ್ಮೆಯೂ ಹುಟ್ಟುವುದಿಲ್ಲ, ಈ ವಿದ್ಯೆಯಲ್ಲಿ ನೀರು ನೋಡುವುದು ದೊಡ್ಡ ಪಾಲು. ಜೊತೆಗೆ ಸ್ವಂತದ ಹಾಯಿ ಕಟ್ಟುತ್ತ ಬಿಚ್ಚುತ್ತ ಗಂಟುಗಳು, ಬಿಗಿತ, ಬಾಗುವಿಕೆ ಕೈಗೆ ಹತ್ತುತ್ತವೆ. ಬಾಡಿಗೆಯ ಹಾಯಿ ಕಟ್ಟಿಯೇ ಕೈಗೆ ಬರುತ್ತದೆ.

ಇದೆಲ್ಲ ಮುಳುಗುತ್ತಿರುವ ಆಟ, ಈಗ ಯಾರು ವಿಂಡ್‌ಸರ್ಫಿಂಗ್ ಕಲಿಯುತ್ತಾರೆ ಎಂಬ ಇನ್ನೊಂದು ಮಾತನ್ನು ಈ ನದಿಯ ದಡದಲ್ಲೇ ಕೇಳಬಹುದು. ಗಾಳಿಪಟ ಹಿಡಿದು ನೀರ ಮೇಲೆ ಓಡುವ ಪ್ರಯೋಗವನ್ನು ಬಿಲ್ ಮತ್ತು ಕೋರಿ ರೋಸ್ಲರ್ ಎಂಬ ತಂದೆ-ಮಗ 1990ರ ದಶಕದ ಮೊದಲಲ್ಲೇ ಈ ಕಮರಿಯಲ್ಲಿ ತೋರಿಸಿದರು. ಮುಂದೆ ಕೈಟ್‌ಬೋರ್ಡಿಂಗ್ ಬಂತು, ಈಚಿನ ವರ್ಷಗಳಲ್ಲಿ ಕೈಯಲ್ಲಿ ಗಾಳಿ ತುಂಬಿದ ರೆಕ್ಕೆ ಹಿಡಿದು, ನೀರಿನಡಿಯ ಫಾಯಿಲ್ ಮೇಲೆ ತೇಲುವ ವಿಂಗ್‌ಫಾಯಿಲ್ ಬಂದಿದೆ. ಒಲಿಂಪಿಕ್ಸ್‌ನಲ್ಲೂ 2024ರಲ್ಲಿ ಹಳೆಯ ಆರ್‌ಎಸ್:ಎಕ್ಸ್ ಹಲಗೆ ಹೋಗಿ ಫಾಯಿಲ್ ಇರುವ ಐಕ್ಯೂಫಾಯಿಲ್ ಹಲಗೆ ಬಂತು. ಹಳಬರು ಹೊಸ ಆಟಕ್ಕೆ ಜಿಗಿದಂತೆಲ್ಲ ಅವರ ಹಳೆಯ ಸಾಮಾನು ಸಂತೆಗೆ ಬರುತ್ತದೆ, ಬೆಲೆ ಇನ್ನೂ ಇಳಿಯುತ್ತದೆ. ಕಲಿಯುವವರಿಗೆ ಇದು ನಷ್ಟವಲ್ಲ. ಅಗಲದ ಹಲಗೆಯ ಮೇಲೆ ಹಾಯಿಯೊಂದಿಗೆ ಕಲಿತ ಗಾಳಿಯ ದಿಕ್ಕು, ಅದಕ್ಕೆ ಎದುರಾಗಿ ಓರೆಯಾಗಿ ಸಾಗುವ ಬಗೆ, ಬಿದ್ದಾಗ ದಡ ಸೇರುವ ಉಪಾಯ ಯಾವ ಹೊಸ ಆಟಕ್ಕೆ ಹೋದರೂ ಬೇಕಾಗುತ್ತವೆ. ಆ ದೊಡ್ಡ ಹಲಗೆಯ ಮೇಲೆಯೇ ರೆಕ್ಕೆ ಹಿಡಿಯುವುದನ್ನೂ ಅಭ್ಯಾಸ ಮಾಡಬಹುದು. ಹಳೆಯದನ್ನು ಕೊಂಡರೆ ಊರಿನ ಅಂಗಡಿಗಳಿಗೆ ಏನು ಉಳಿಯಿತು ಎಂದು ಕೇಳುವವರೂ ಇದ್ದಾರೆ. ಕೀಲು, ಹಗ್ಗ, ಜಾಕೆಟ್, ಪಾಠ ಇವನ್ನು ಅಲ್ಲಿಯೇ ಕೊಳ್ಳಲಿ. ಆಟದಲ್ಲಿ ಉಳಿದವರು ಮುಂದೆ ಹೊಸ ಹಾಯಿಗೂ ಅಲ್ಲಿಗೇ ಬರುತ್ತಾರೆ, ಮೊದಲ ತಿಂಗಳಲ್ಲೇ ಕೈಚೆಲ್ಲಿದವರು ಬರುವುದಿಲ್ಲ.

ಪೋರ್ಟ್‌ಲ್ಯಾಂಡಿನ ಪಶ್ಚಿಮದ ಹಿಲ್ಸ್‌ಬರೋ, ಬೀವರ್ಟನ್ ಕಡೆ ಚಿಪ್ ಉದ್ಯಮದಲ್ಲಿ ಕೆಲಸ ಮಾಡುವ ಕನ್ನಡಿಗರ ಮನೆಗಳಿವೆ. ಅವರಿಗೆ ಹುಡ್ ರಿವರ್ ಒಂದು ರಜೆಯ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ಹತ್ತಿರ. ಜಲಪಾತ ನೋಡಿ, ಚೆರ್ರಿ ತೋಟಕ್ಕೆ ಹೋಗಿ, ದಡದಲ್ಲಿ ನಿಂತು ಬಣ್ಣದ ಹಾಯಿಗಳ ಫೋಟೋ ತೆಗೆದು ಬರುವವರಲ್ಲಿ ಕೆಲವರಾದರೂ ಹುಕ್‌ನ ನೀರಿಗಿಳಿಯಲಿ ಎಂಬುದು ನನ್ನ ಆಸೆ. ಮೂಲ್ಕಿಯ ಅಲೆಗಳಲ್ಲಿ ಸರ್ಫಿಂಗ್ ಕಲಿಯುವ ಮಕ್ಕಳನ್ನು ನಮ್ಮ ಕರಾವಳಿ ಈಗಾಗಲೇ ಕಂಡಿದೆ, ಪಕ್ಕದ ಗೋವಾದಲ್ಲಿ ಹಾಯಿ ಹಲಗೆಯ ತರಬೇತಿಯೂ ಇದೆ. ಕೊರತೆ ಇರುವುದು ಇಂಥ ಸಂತೆಯದು, ಕೈಯಿಂದ ಕೈಗೆ ದಾಟುತ್ತ ಬರುವ ಸಾಮಾನಿನದು. ಒರೆಗಾನಿನಲ್ಲಿರುವವರಿಗೆ ಆ ಕೊರತೆಯಿಲ್ಲ. ಬೇಸಿಗೆಯ ಗಾಳಿ ಇಳಿದು ಶಾಲೆಗಳು ಬಾಗಿಲು ಹಾಕುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತು ಕೊಳ್ಳಲು ಒಳ್ಳೆಯ ಕಾಲ. ಚಳಿಗಾಲವಿಡೀ ಗ್ಯಾರೇಜು ತುಂಬಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಹೋಗುವಾಗ ಅಳತೆ ಟೇಪು, ಕೊಕ್ಕೆ ತಕ್ಕಡಿ, ತಮ್ಮ ಮೈತೂಕ ಬರೆದ ಚೀಟಿ ಇದ್ದರೆ ಸಾಕು. ಕೊಂಡ ಹಲಗೆಯನ್ನು ಕಾರಿನ ಮೇಲೆ ಎರಡು ಅಗಲ ಪಟ್ಟಿಗಳಿಂದ ಬಿಗಿದು ಕಟ್ಟಬೇಕು, ಏಕೆಂದರೆ ಐ-84ರಲ್ಲಿ ವಾಪಸು ಪಶ್ಚಿಮಕ್ಕೆ ಬರುವಾಗ ಇನ್ನೂ ಉಳಿದಿರುವ ಗಾಳಿ ಮುಖಕ್ಕೆ ಬಡಿಯಬಹುದು. ನದಿಯ ದಾರಿ ಬಿಟ್ಟು ಮೌಂಟ್ ಹುಡ್ ಬೆಟ್ಟ ಸುತ್ತಿ ಬರುವವರು ಇನ್ನೊಂದು ನೋಡಿಕೊಳ್ಳಬೇಕು. ಆ ರಸ್ತೆ 1,200 ಮೀಟರಿಗೂ ಎತ್ತರಕ್ಕೆ ಏರುತ್ತದೆ, ಮೇಲೆ ಗಾಳಿಯ ಒತ್ತಡ ಕಡಿಮೆಯಾದಾಗ ಹಲಗೆಯೊಳಗಿನ ಗಾಳಿ ಹಿಗ್ಗಿ ಚಿಪ್ಪನ್ನು ಒಡಲಿನಿಂದ ಎಬ್ಬಿಸಬಹುದು. ತಾನಾಗಿ ಉಸಿರಾಡುವ ಮುಚ್ಚಳವಿಲ್ಲದ ಹಲಗೆಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ತಿರುಪು ಇರುತ್ತದೆ. ಹೊರಡುವ ಮೊದಲು ಅದನ್ನು ಸಡಿಲಿಸಬೇಕು, ಅದರ ರಬ್ಬರ್ ಉಂಗುರ ಒಣಗಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು, ನೀರಿಗಿಳಿಸುವ ಮುಂಚೆ ಮರೆಯದೆ ಮತ್ತೆ ಬಿಗಿ ಮಾಡಬೇಕು.